ತಾಳೆಗರಿಯ ಚಿತ್ರದಲ್ಲಿ ಹೊಯ್ಸಳ ಸೀಮೆಯ ಉಡುಗೆ

12, 13ನೆಯ ಶತಮಾನದ ಕನ್ನಡ ನಾಡಿನಲ್ಲಿ ಉಟ್ಟ ಸೀರೆಯಾಗಲಿ ಹೊದೆದ ವಸ್ತ್ರವಾಗಲಿ ಇಂದು ಕೈಗೆ ಸಿಗುವುದಿಲ್ಲ. ಹತ್ತಿಯ ನೂಲು ಮಳೆಗಾಲದ ತೇವಕ್ಕೆ ಕೊಳೆಯುತ್ತದೆ, ಉಳಿದದ್ದನ್ನು ಗೆದ್ದಲು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಟ್ಟೆಯನ್ನು ಪೂರ್ತಿ ಸವೆಯುವವರೆಗೂ ಬಳಸುವುದು ನಾಡಿನ ರೂಢಿ: ಹಳೆಯ ಸೀರೆ ತೊಟ್ಟಿಲಿಗೆ ಹೋಗುತ್ತದೆ, ಹರಿದ ಮೇಲೆ ಕೌದಿಗೆ, ಕೊನೆಗೆ ದೀಪದ ಬತ್ತಿಗೆ. ಹೀಗಾಗಿ ಮಧ್ಯಯುಗದ ಉಡುಗೆಯನ್ನು ತಿಳಿಯಬೇಕೆನ್ನುವವರು ಅದನ್ನು ಕಂಡು ಕೆತ್ತಿದವರನ್ನು, ಬರೆದಿಟ್ಟವರನ್ನು, ಬಣ್ಣದಲ್ಲಿ ತೋರಿಸಿದವರನ್ನು ಆಶ್ರಯಿಸಬೇಕು. ಕಲ್ಲು, ಬರಹ, ಚಿತ್ರ ಎಂಬ ಈ ಮೂರು ಆಧಾರಗಳಲ್ಲಿ ಕರ್ನಾಟಕದ ಮಟ್ಟಿಗೆ ಚಿತ್ರದ ಪಾಲು ತೀರ ಚಿಕ್ಕದು. ಆದರೆ ಬಟ್ಟೆಯ ಬಣ್ಣ ಯಾವುದು, ಪಟ್ಟೆ ಎಲ್ಲಿ ಬರುತ್ತಿತ್ತು, ಅಂಚು ಎಷ್ಟು ಅಗಲವಿತ್ತು ಎಂಬುದನ್ನು ಕಣ್ಣಿಗೆ ಕಾಣುವಂತೆ ಹೇಳಬಲ್ಲದ್ದು ಅದೊಂದೇ.

ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಸುತ್ತಿನ ತೆಂಗಿನ ಸೀಮೆಯಲ್ಲಿ ಮೊದಲ ಆಧಾರವಾದ ಕಲ್ಲಿಗೆ ಕೊರತೆಯಿಲ್ಲ. ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಇಳಿಯುವ ದಾರಿ ಕೆ.ಬಿ. ಕ್ರಾಸಿನಲ್ಲಿ ಹಾಯುತ್ತದೆ. ಈ ದಾರಿಗಳ ಆಸುಪಾಸಿನ ಊರುಗಳಲ್ಲಿ ನಾಲ್ಕು ಶತಮಾನಗಳ ಕೆತ್ತನೆ ತೋಟಗಳ ನಡುವೆ ನಿಂತಿದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಗಂಗ–ನೊಳಂಬರ ಕಾಲದ್ದು. ಅದರ ಚಾವಣಿಯಲ್ಲಿ ನಡುವೆ ಕುಣಿಯುವ ಶಿವನಿದ್ದಾನೆ, ಸುತ್ತ ಎಂಟು ದಿಕ್ಕುಗಳ ಒಡೆಯರಿದ್ದಾರೆ. ಅದೇ ಊರಿನ ಚೆನ್ನಕೇಶವ ಗುಡಿ 13ನೆಯ ಶತಮಾನದ ಹೊಯ್ಸಳ ಕೆಲಸ. ಶಿಲ್ಪಿ ಹೊನ್ನೋಜನ ಹೆಸರು ಅದಕ್ಕೆ ಅಂಟಿಕೊಂಡಿದೆ. ತುರುವೇಕೆರೆಯ ಚೆನ್ನಿಗರಾಯ ಗುಡಿ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, 1263ರ ಸುಮಾರಿಗೆ, ಸೋಮಣ್ಣ ದಂಡನಾಯಕ ಕಟ್ಟಿಸಿದ್ದು. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ ಅದೇ ಅರಸನ ದಂಡನಾಯಕರಾಗಿದ್ದ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಅಣ್ಣತಮ್ಮಂದಿರದು; ಕಾಲ 1286. ನಾಗಲಾಪುರದ ಎರಡು ಗುಡಿಗಳನ್ನೂ ಇವುಗಳ ಜೊತೆ ಸೇರಿಸಬೇಕು.

ಈ ಗುಡಿಗಳ ಗೋಡೆಯ ಮುಂದೆ ನಿಂತು ಉಡುಗೆಯನ್ನು ಹುಡುಕುವವರಿಗೆ ಮೊದಲು ಎದುರಾಗುವುದು ಒಡವೆ. ಹೊಯ್ಸಳ ಶಿಲ್ಪಿ ಬಳಪದ ಕಲ್ಲಿನಲ್ಲಿ ಮುತ್ತಿನ ಸರವನ್ನು ಮಣಿಮಣಿಯಾಗಿ ಬಿಡಿಸುತ್ತಾನೆ, ಡಾಬಿನ ಸಿಂಹಮುಖದಿಂದ ತೊಡೆಯ ಮೇಲೆ ಇಳಿಬಿಟ್ಟ ಕುಚ್ಚುಗಳನ್ನು ಒಂದೊಂದಾಗಿ ಎಣಿಸಬಹುದಾದಂತೆ ಕೆತ್ತುತ್ತಾನೆ. ಬಟ್ಟೆ ಮಾತ್ರ ಮೈಗೆ ಅಂಟಿದಂತಿದೆ. ಅದು ಇದೆ ಎಂದು ಗೊತ್ತಾಗುವುದು ಮಂಡಿಯ ಮೇಲೋ ಕಣಕಾಲಿನ ಬಳಿಯೋ ಎಳೆದ ಒಂದು ಅಂಚಿನ ಗೆರೆಯಿಂದ, ಎರಡು ಕಾಲುಗಳ ನಡುವೆ ಇಳಿದ ನಿರಿಗೆಯಿಂದ. ಕೆಲವೆಡೆ ಉಡುಗೆಯ ಮೇಲೆ ಹೂಬಳ್ಳಿಯ ಸಣ್ಣ ಗೀರುಗಳಿವೆ. ಆ ಹೂವು ನೇಯ್ದದ್ದೋ, ಅಚ್ಚೊತ್ತಿದ್ದೋ, ಕಸೂತಿಯೋ ಎಂಬ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರವಿಲ್ಲ.

ಕಲ್ಲು ಚೆನ್ನಾಗಿ ಹೇಳುವುದು ಉಡುವ ರೀತಿಯನ್ನು. ಗುಡಿಯ ಬುಡದಲ್ಲಿ ಓಡುವ ಸಾಲುಪಟ್ಟಿಕೆಗಳಲ್ಲಿ ಕಾಲಾಳು, ಕುದುರೆ ಸವಾರ, ಆಳುಕಾಳು, ವಾದ್ಯ ನುಡಿಸುವವರು ಬೆರಳುದ್ದದ ಗಾತ್ರದಲ್ಲಿ ಕಾಣಿಸುತ್ತಾರೆ. ದೇವರ ವಿಗ್ರಹಕ್ಕೆ ಇರುವ ಶಾಸ್ತ್ರದ ಕಟ್ಟು ಇವರಿಗಿಲ್ಲ, ಆದ್ದರಿಂದಲೇ ಇವರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಗಂಡಸರದು ತೊಡೆಗೆ ಬಿಗಿದ ಕಚ್ಚೆ, ಸೊಂಟಕ್ಕೆ ಸುತ್ತಿದ ನಡುಪಟ್ಟಿ, ಪಕ್ಕಕ್ಕೆ ವಾಲಿಸಿ ಕಟ್ಟಿದ ತುರುಬು. ಈ ಸೀಮೆಯ ವೀರಗಲ್ಲುಗಳಲ್ಲೂ ಅದೇ ಉಡುಗೆ: ಕೆಳಗಿನ ಅಂಕಣದಲ್ಲಿ ಕಾಸೆ ಕಟ್ಟಿ ಹೋರಾಡುವ ವೀರ, ಮೇಲಿನ ಅಂಕಣದಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ವೀರಗಲ್ಲಿನ ಕೆತ್ತನೆ ಗುಡಿಯ ಕೆತ್ತನೆಯಷ್ಟು ನಯವಲ್ಲ. ಆದರೆ ಅದರ ಮೇಲೆ ಸತ್ತವನ ಊರೂ ಹೆಸರೂ ಹಲವು ಬಾರಿ ತೇದಿಯೂ ಇರುವುದರಿಂದ, ಇಂಥ ವರ್ಷದಲ್ಲಿ ಇಂಥ ಊರಿನ ಆಳು ಹೀಗೆ ಉಟ್ಟಿದ್ದನೆಂದು ಊರವರೇ ಒಪ್ಪಿ ನಿಲ್ಲಿಸಿದ ದಾಖಲೆ ಅದು. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಆ ಪಾಠಗಳನ್ನು ಕೈಯಲ್ಲಿ ಹಿಡಿದು ಕಲ್ಲುಗಳ ಮುಂದೆ ನಿಂತರೆ ತೇದಿ ಗೊತ್ತಿರುವ ಉಡುಗೆಗಳ ಒಂದು ಸಾಲನ್ನೇ ಕಟ್ಟಬಹುದು.

ಬಣ್ಣವಿಲ್ಲದ ಈ ಕಲ್ಲಿನ ಉಡುಗೆಗೆ ಬಣ್ಣ ತುಂಬುವ ಆಧಾರ ಇರುವುದು ಘಟ್ಟದ ಕೆಳಗೆ, ಮೂಡುಬಿದಿರೆಯಲ್ಲಿ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ತಾಳೆಗರಿಯ ಗ್ರಂಥಗಳನ್ನು ಜನ ಒಟ್ಟಾಗಿ ‘ಧವಲ ಗ್ರಂಥಗಳು’ ಎನ್ನುತ್ತಾರೆ. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರ ‘ಷಟ್ಖಂಡಾಗಮ’ ದಿಗಂಬರ ಜೈನರ ಮೂಲ ಆಗಮ. ಅದಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಟೀಕೆ ‘ಧವಲಾ’. ‘ಕಷಾಯಪ್ರಾಭೃತ’ದ ಮೇಲೆ ವೀರಸೇನರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ್ದು ‘ಜಯಧವಲಾ’. ಆಗಮದ ಆರನೆಯ ಖಂಡವಾದ ‘ಮಹಾಬಂಧ’ಕ್ಕೆ ಮಹಾಧವಲವೆಂದು ಹೆಸರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಚಿತ್ರಗಳಿರುವ ಓಲೆಗಳ ಕಾಲ 12ನೆಯ ಶತಮಾನದ ಎರಡನೆಯ ದಶಕ ಎಂಬುದು ಒಪ್ಪಿತವಾದ ಮಾತು. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದೂ ಅದೇ ದಶಕದಲ್ಲಿ. ಒಂದೇ ನಾಡಿನ, ಒಂದೇ ಹತ್ತು ವರ್ಷಗಳ ಕಲ್ಲು ಮತ್ತು ಚಿತ್ರ ಎರಡೂ ಉಳಿದು ಬಂದಿರುವುದು ಉಡುಗೆಯ ಚರಿತ್ರೆಗೆ ದೊಡ್ಡ ಭಾಗ್ಯ.

ಈ ಗ್ರಂಥಗಳು ಯಾರ ಹಣದಲ್ಲಿ ಆದವು ಎಂಬುದೂ ಉಡುಗೆಯ ಪ್ರಶ್ನೆಗೆ ಸಂಬಂಧಿಸಿದ್ದೇ. ಜೈನ ಶ್ರಾವಕಿಯರು ಶ್ರುತಪಂಚಮಿಯ ನೋಂಪಿಯನ್ನು ಹಿಡಿದು, ಅದನ್ನು ಮುಗಿಸುವಾಗ ಶಾಸ್ತ್ರಗ್ರಂಥವನ್ನು ಬರೆಸಿ ಮುನಿಗಳಿಗೆ ಕೊಡುವುದು ಪುಣ್ಯದ ಕೆಲಸವಾಗಿತ್ತು. ಧವಲಾ ಪ್ರತಿಯನ್ನು ದೇಮಿಯಕ್ಕ ಎಂಬಾಕೆ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಹಾಬಂಧದ ಪ್ರತಿಯನ್ನು ಬರೆಸಿದವಳು ಮಲ್ಲಿಕಬ್ಬೆ. ಇವರಂಥ ಸಿರಿವಂತ ಮನೆತನದ ಹೆಂಗಸರ ಕಣ್ಣಿಗೆ ಒಪ್ಪಬೇಕಾಗಿದ್ದ ಚಿತ್ರಗಳಿವು. ಬಟ್ಟೆಯ ಅಂಚನ್ನು, ನಿರಿಗೆಯನ್ನು, ಹೂವಿನ ಚುಕ್ಕೆಯನ್ನು ಚಿತ್ರಗಾರ ಅಷ್ಟು ಆಸ್ಥೆಯಿಂದ ಬಿಡಿಸಿದ್ದರಲ್ಲಿ ಅವರ ಅಭಿರುಚಿಯ ಪಾಲೂ ಇದೆ ಎನ್ನಬೇಕು.

ತಾಳೆಗರಿಯ ಮೇಲೆ ಚಿತ್ರ ಬರೆಯುವುದು ಇಕ್ಕಟ್ಟಿನ ಕೆಲಸ. ಶ್ರೀತಾಳೆಯ ಗರಿ ಉದ್ದವೇ ಹೊರತು ಅಗಲವಿಲ್ಲ. ಕೆಲವೇ ಬೆರಳಗಲದ ಜಾಗದಲ್ಲಿ ಅಕ್ಷರದ ಸಾಲುಗಳ ನಡುವೆ ಚಿತ್ರ ಕೂರಬೇಕು. ದಕ್ಷಿಣದ ರೂಢಿಯಲ್ಲಿ ಗರಿಯ ಮೇಲೆ ಕಂಟದಿಂದ ಕೊರೆದು ಆಮೇಲೆ ಮಸಿ ತೀಡುತ್ತಾರೆ. ಧವಲ ಗ್ರಂಥಗಳಲ್ಲಾದರೋ ಅಕ್ಷರಗಳನ್ನೇ ಮಸಿಯಲ್ಲಿ ಬರೆದಿದೆ, ಚಿತ್ರಗಳಿಗೆ ಕುಂಚ ಹಿಡಿದಿದೆ. ಗರಿಯ ನಡುವೆಯೂ ಎರಡು ತುದಿಗಳಲ್ಲೂ ಚಿತ್ರಗಳು ಬರುತ್ತವೆ. ನಡುವೆ ಜಿನ, ತುದಿಗಳಲ್ಲಿ ಯಕ್ಷ ಯಕ್ಷಿಯರು, ಮುನಿಗಳು, ಕೈಮುಗಿದ ಶ್ರಾವಕ ಶ್ರಾವಕಿಯರು. ಹಾವಿನ ಹೆಡೆಯ ನೆರಳಿನ ಪಾರ್ಶ್ವನಾಥ, ಅಕ್ಕಪಕ್ಕ ತಂಗಿಯರೊಡನೆ ನಿಂತ ಬಾಹುಬಲಿ, ಮಕ್ಕಳೊಡನೆ ಅಂಬಿಕೆ, ಶ್ರುತದೇವಿ ಇವು ಹೆಸರಾದ ಚಿತ್ರಗಳು. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿಯವರು ದಕ್ಷಿಣ ಭಾರತದ ಚಿತ್ರಕಲೆಯ ಕುರಿತ ತಮ್ಮ ಪುಸ್ತಕದಲ್ಲಿ ಇವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಸರಯೂ ದೋಶಿಯವರು 1960ರ ದಶಕದಲ್ಲಿ ಇವುಗಳ ಮೇಲೆ ವಿಶೇಷ ಲೇಖನ ಬರೆದು ಆಮೇಲೆ ಜೈನ ಚಿತ್ರಕಲೆಯ ಗ್ರಂಥದಲ್ಲೂ ಚರ್ಚಿಸಿದರು.

ದಿಗಂಬರ ಮುನಿಗಳು ಉಡುಗೆಯನ್ನೇ ಬಿಟ್ಟವರು. ತೀರ್ಥಂಕರರ ಮೈಮೇಲೆ ನೂಲೂ ಇಲ್ಲ. ಆದ್ದರಿಂದ ಈ ಗ್ರಂಥಗಳಲ್ಲಿ ಬಟ್ಟೆ ಇರುವುದು ದೇವತೆಗಳ ಮೇಲೆ ಮತ್ತು ಗೃಹಸ್ಥರ ಮೇಲೆ ಮಾತ್ರ. ಅಲ್ಲಿ ಅದು ಎದ್ದು ಕಾಣುತ್ತದೆ. ಬೇಲೂರಿನ ಕಲ್ಲಿನಲ್ಲಿ ಒಂದೇ ಗೆರೆಯಾಗಿದ್ದ ಅಂಚು ಓಲೆಯ ಮೇಲೆ ಬೇರೆ ಬಣ್ಣದ ಪಟ್ಟಿಯಾಗುತ್ತದೆ. ಸೊಂಟದಿಂದ ಇಳಿಯುವ ಉಡುಗೆಯ ಮೇಲೆ ಪಟ್ಟೆಗಳಿವೆ, ಸಣ್ಣ ಹೂ ಚುಕ್ಕೆಗಳಿವೆ. ಒಬ್ಬರ ಬಟ್ಟೆಯ ಮಾದರಿ ಪಕ್ಕದವರದ್ದಲ್ಲ. ಕೆಂಪು, ಹಳದಿ, ಹಸಿರು, ಕಪ್ಪು ಹೀಗೆ ಬೆರಳೆಣಿಕೆಯ ಬಣ್ಣಗಳಲ್ಲೇ ಚಿತ್ರಗಾರ ಈ ವೈವಿಧ್ಯ ತಂದಿದ್ದಾನೆ. ಗಂಡಸರ ಮೈಮೇಲ್ಭಾಗದಲ್ಲಿ ಹೊಲಿದ ಬಟ್ಟೆಯಿಲ್ಲ. ಉಟ್ಟದ್ದು, ಸುತ್ತಿದ್ದು, ಹೊದೆದದ್ದು ಇಷ್ಟೇ. ಅರಳಗುಪ್ಪೆ, ತುರುವೇಕೆರೆಗಳ ಕಲ್ಲು ಹೇಳುವುದೂ ಇದನ್ನೇ. ಎರಡು ಬೇರೆ ಬೇರೆ ಕುಶಲಕರ್ಮಿಗಳು, ಒಬ್ಬ ಉಳಿ ಹಿಡಿದವನು ಇನ್ನೊಬ್ಬ ಕುಂಚ ಹಿಡಿದವನು, ಒಂದೇ ಮಾತು ಹೇಳಿದಾಗ ಅದನ್ನು ಆ ಕಾಲದ ನಿಜವಾದ ರೂಢಿ ಎಂದು ಒಪ್ಪಲು ಅಡ್ಡಿಯಿಲ್ಲ.

ಆದರೂ ಚಿತ್ರವನ್ನು ಕಂಡಂತೆ ನಂಬುವಂತಿಲ್ಲ. ಚಿತ್ರಗಾರ ಎದುರಿಗಿದ್ದವರನ್ನು ನೋಡಿ ಬರೆದನೋ, ಗುರುವಿನಿಂದ ಕಲಿತ ಅಚ್ಚಿನಂತೆ ಬರೆದನೋ ಎಂಬುದು ಮೊದಲ ಪ್ರಶ್ನೆ. ಆ ಕಾಲದ ಬಲ್ಲವರು ಇದನ್ನು ತಾವೇ ಗುರುತಿಸಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಒಂದು ಭಾಗವಿದೆ. ಅಲ್ಲಿ ಚಿತ್ರಗಳನ್ನು ವಿಂಗಡಿಸುವಾಗ ವಿದ್ಧ, ಅವಿದ್ಧ ಎಂಬ ಎರಡು ಬಗೆ ಬರುತ್ತವೆ. ಕನ್ನಡಿಯಲ್ಲಿ ಕಂಡ ಹಾಗೆ ವಸ್ತುವನ್ನು ಹೋಲುವುದು ವಿದ್ಧ. ಮನಸ್ಸಿಗೆ ಹೊಳೆದ ಹಾಗೆ ಬರೆದದ್ದು ಅವಿದ್ಧ. ಮೂಡುಬಿದಿರೆಯ ಓಲೆಗಳಲ್ಲಿ ಕಿರೀಟ ತೊಟ್ಟ ಯಕ್ಷಿಯ ರೂಪ ಶಾಸ್ತ್ರದಿಂದ ಬಂದದ್ದು. ಅವಳ ಕೈಗಳೆಷ್ಟು, ವಾಹನ ಯಾವುದು ಎಂಬುದನ್ನು ಚಿತ್ರಗಾರ ಬದಲಿಸುವಂತಿರಲಿಲ್ಲ. ಅವಳ ಸೀರೆಯ ಪಟ್ಟೆ ಹೇಗಿರಬೇಕೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿರಲಿಲ್ಲ. ಅದನ್ನು ಅವನು ತನ್ನ ಸುತ್ತ ಕಂಡ ಬಟ್ಟೆಯಿಂದಲೇ ತರಬೇಕಾಯಿತು. ಹೀಗೆ ಶಾಸ್ತ್ರದ ಕಟ್ಟು ಎಲ್ಲಿ ಸಡಿಲುತ್ತದೋ ಅಲ್ಲಿ ಚಿತ್ರದ ಸಾಕ್ಷ್ಯ ಬಲವಾಗುತ್ತದೆ.

ಯೂರೋಪಿನ ಹಸ್ತಪ್ರತಿಗಳನ್ನು ಓದಿದವರಿಗೆ ಈ ದಾರಿ ಪರಿಚಿತ. 13ನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ಆದ ಒಂದು ಪ್ರಸಿದ್ಧ ಚಿತ್ರ ಬೈಬಲ್ ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಸೌಲ, ದಾವೀದರು ಆ ಕಾಲದ ಫ್ರೆಂಚ್ ಸರದಾರರ ಕವಚ ತೊಟ್ಟಿದ್ದಾರೆ, ಹೊಲದಲ್ಲಿ ದುಡಿಯುವವರು ಆ ಕಾಲದ ಒಳಚಡ್ಡಿಯಲ್ಲಿದ್ದಾರೆ. ಬೈಬಲಿನ ಕಾಲಕ್ಕೆ ಅದು ಸಾಕ್ಷಿಯಲ್ಲ, ಬರೆದವನ ಕಾಲಕ್ಕೆ ಸಾಕ್ಷಿ. 14ನೆಯ ಶತಮಾನದ ಇಂಗ್ಲೆಂಡಿನ ‘ಲಟ್ರೆಲ್ ಸಾಲ್ಟರ್’ ಪ್ರಾರ್ಥನಾ ಗ್ರಂಥದ ಅಂಚುಗಳಲ್ಲಿ ಉಳುವವರೂ ಬಿತ್ತುವವರೂ ಇದ್ದಾರೆ. ಅದು ಜಮೀನುದಾರನಿಗಾಗಿ ಆದ ಪುಸ್ತಕ ಎಂಬುದನ್ನು ನೆನಪಿಟ್ಟುಕೊಂಡೇ ಅವರ ಅಂಗಿಯನ್ನು ನೋಡಬೇಕು. ಯಾರು ಬರೆಸಿದರು, ಯಾವ ಕಥೆಗೆ ಬರೆದರು, ಚಿತ್ರದೊಳಗಿನವರು ಯಾರು ಎಂಬ ಪ್ರಶ್ನೆಗಳು ಯೂರೋಪಿಗೂ ಮೂಡುಬಿದಿರೆಗೂ ಒಂದೇ.

ಚಿತ್ರದಲ್ಲಿ ಕಂಡ ಬಟ್ಟೆ ಎಲ್ಲಿಂದ ಬಂತು ಎಂದು ತಿಳಿಯಲು ಮತ್ತೆ ‘ಮಾನಸೋಲ್ಲಾಸ’ವೇ ಬೇಕು. ಅದರ ವಸ್ತ್ರೋಪಭೋಗದ ಭಾಗದಲ್ಲಿ ಅರಸನ ಉಗ್ರಾಣಕ್ಕೆ ಬರುತ್ತಿದ್ದ ಬಟ್ಟೆಗಳ ಊರುಗಳ ಪಟ್ಟಿಯಿದೆ: ಮೂಲಸ್ಥಾನ ಅಂದರೆ ಇಂದಿನ ಮುಲ್ತಾನ್, ಗುಜರಾತಿನ ಅಣಹಿಲವಾಡ, ನಾಗಪಟ್ಟಣ, ಸಿಂಹಳ, ಕಳಿಂಗ, ವಂಗ, ಕೊನೆಗೆ ಮಹಾಚೀನ. ಹತ್ತಿ, ರೇಷ್ಮೆ, ಉಣ್ಣೆ ಮೂರನ್ನೂ ಹೇಳುವ ಈ ಗ್ರಂಥ ಯಾವ ಋತುವಿಗೆ ಯಾವುದು ತಕ್ಕದ್ದೆಂದೂ ವಿಧಿಸುತ್ತದೆ; ಬೇಸಿಗೆಗೆ ತೆಳುವಾದ ಬಿಳಿ ಬಟ್ಟೆ, ಚಳಿಗೆ ಉಣ್ಣೆ. ಇದು ಚಕ್ರವರ್ತಿಯ ಪೆಟ್ಟಿಗೆಯ ಲೆಕ್ಕ, ಊರ ಗೌಡನದಲ್ಲ. ಊರಿನ ಲೆಕ್ಕ ಸಿಗುವುದು ಶಾಸನಗಳಲ್ಲಿ. ಮಗ್ಗದ ಮೇಲೆ ತೆರೆ, ಸಂತೆಗೆ ಬಂದ ಬಟ್ಟೆಯ ಹೇರಿನ ಮೇಲೆ ಸುಂಕ, ಗುಡಿಯ ದೀಪಕ್ಕೆಂದು ನೇಕಾರರು ಬಿಟ್ಟುಕೊಟ್ಟ ಪಾಲು ಇವು ಮತ್ತೆ ಮತ್ತೆ ಬರುತ್ತವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಈ ಬಗೆಯ ವಿವರಗಳನ್ನು ಹೊರತೆಗೆಯುವ ದಾರಿ ತೋರಿಸಿತು. ಜ್ಯೋತ್ಸ್ನಾ ಕಾಮತರು ಮಧ್ಯಯುಗದ ಕರ್ನಾಟಕದ ಸಾಮಾಜಿಕ ಜೀವನದ ಮೇಲೆ ಬರೆದ ಪುಸ್ತಕದಲ್ಲಿ ಸಾಹಿತ್ಯ, ಶಾಸನ, ಶಿಲ್ಪಗಳನ್ನು ಉಡುಗೆ ತೊಡುಗೆಯ ದೃಷ್ಟಿಯಿಂದ ಒಟ್ಟಿಗೆ ಇಟ್ಟು ನೋಡಿದರು.

ಚಿತ್ರ ಹೇಳಿದ್ದನ್ನು ಬಟ್ಟೆಯೇ ದೃಢಪಡಿಸಿದ ಒಂದು ಪ್ರಸಂಗ ಪಶ್ಚಿಮ ಭಾರತದ್ದು. ಗುಜರಾತಿನ ಜೈನ ‘ಕಲ್ಪಸೂತ್ರ’ಗಳ ಚಿತ್ರಗಳಲ್ಲಿ ಉಡುಗೆಯ ಮೇಲಿರುವ ಹಂಸ, ಹೂ, ಚಕ್ರಗಳ ಮಾದರಿಗಳು ಚಿತ್ರಗಾರನ ಕಲ್ಪನೆಯೋ ನಿಜವೋ ಎಂಬ ಸಂದೇಹವಿತ್ತು. ಈಜಿಪ್ಟಿನ ಹಳೆಯ ಕೈರೋ ಬಳಿಯ ಫುಸ್ತಾತದ ಒಣ ಮಣ್ಣಿನಲ್ಲಿ ಗುಜರಾತಿನ ಅಚ್ಚಿನ ಹತ್ತಿ ಬಟ್ಟೆಯ ನೂರಾರು ತುಂಡುಗಳು ಸಿಕ್ಕಾಗ ಅಂಥವೇ ಮಾದರಿಗಳು ಕಂಡವು. ಕಲ್ಪಸೂತ್ರದ ಜೊತೆ ಬರುವ ಕಾಲಕಾಚಾರ್ಯನ ಕಥೆಯಲ್ಲಿ ಇನ್ನೊಂದು ಪಾಠವಿದೆ. ಹೊರಗಿನಿಂದ ಬಂದ ಸಾಹಿ ಅರಸರಿಗೆ ಚಿತ್ರಗಾರರು ಹೊಲಿದ ಉದ್ದ ಅಂಗಿ, ಟೊಪ್ಪಿಗೆ, ಬೂಟು ತೊಡಿಸಿದರು. ದೇಶದ ಅರಸರಿಗೆ ಉಡುವ ಬಟ್ಟೆಯನ್ನೇ ಇಟ್ಟರು. ಯಾರು ಯಾವ ನಾಡಿನವರು ಎಂದು ನೋಡುವವನಿಗೆ ಬಟ್ಟೆಯಿಂದಲೇ ತಿಳಿಯಲಿ ಎಂಬುದು ಅವರ ಉದ್ದೇಶ. ಮೋತಿಚಂದ್ರರು ಭಾರತೀಯ ವೇಷಭೂಷಣದ ಚರಿತ್ರೆಯನ್ನು ಕಟ್ಟಿದ್ದು ಇಂಥ ಹಸ್ತಪ್ರತಿಗಳನ್ನು ಸಾಹಿತ್ಯದ ಪಕ್ಕದಲ್ಲಿಟ್ಟು ಓದಿಯೇ.

ಹೊಲಿದ ಬಟ್ಟೆ ಕನ್ನಡ ನಾಡಿನ ಆಸ್ಥಾನಕ್ಕೆ ಬಲವಾಗಿ ಬಂದದ್ದು ವಿಜಯನಗರದ ಕಾಲದಲ್ಲಿ. ಅರಸರು, ನಾಯಕರು ತಲೆಗೆ ಕುಲ್ಲಾಯಿ ಎಂಬ ಎತ್ತರದ ಟೊಪ್ಪಿಗೆಯನ್ನೂ ಮೈಗೆ ಕಬ್ಬಾಯಿ ಎಂಬ ಉದ್ದ ಅಂಗಿಯನ್ನೂ ತೊಡತೊಡಗಿದರು. ಎರಡೂ ಇಸ್ಲಾಮೀ ಜಗತ್ತಿನ ಆಸ್ಥಾನಗಳ ಉಡುಪು. ಫಿಲಿಪ್ ವ್ಯಾಗನರ್ 1996ರ ಪ್ರಬಂಧವೊಂದರಲ್ಲಿ ಈ ಬದಲಾವಣೆಯನ್ನು ವಿವರವಾಗಿ ಬಿಡಿಸಿ, ಧರ್ಮ ಬೇರೆಯಾದರೂ ಆಸ್ಥಾನದ ಮರ್ಯಾದೆಯ ಭಾಷೆ ಒಂದೇ ಆಗುತ್ತಿತ್ತು ಎಂದು ತೋರಿಸಿದರು. 1443ರಲ್ಲಿ ಇಮ್ಮಡಿ ದೇವರಾಯನನ್ನು ಕಂಡ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಅರಸನ ಮೈಮೇಲಿನ ಸ್ಯಾಟಿನ್ ನಿಲುವಂಗಿಯನ್ನು ಹೆಸರಿಸುತ್ತಾನೆ. ಕೃಷ್ಣದೇವರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಚಿನ್ನದ ಗುಲಾಬಿಗಳ ಕಸೂತಿಯ ಬಿಳಿ ಬಟ್ಟೆಯನ್ನೂ ಜರತಾರಿ ಟೊಪ್ಪಿಗೆಯನ್ನೂ ಬರಿಗಾಲನ್ನೂ ಗಮನಿಸಿದ. ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜನ ಪ್ರಕಾರ ವಿಜಯನಗರದ ಅರಸ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲ.

ಕೃಷ್ಣದೇವರಾಯನ ಲೋಹದ ಪ್ರತಿಮೆ ತಿರುಮಲೆಯ ದೇವಾಲಯದಲ್ಲಿದೆ. ಎರಡು ಪಕ್ಕದಲ್ಲಿ ತಿರುಮಲದೇವಿ, ಚಿನ್ನಾದೇವಿ. ತಲೆಯ ಮೇಲೆ ಕುಲ್ಲಾಯಿ ಇದೆ, ಮೈಮೇಲೆ ಅಂಗಿಯಿಲ್ಲ. ಒಡವೆ ತೊಟ್ಟು, ಧೋತ್ರ ಉಟ್ಟು ಕೈಮುಗಿದು ನಿಂತಿದ್ದಾನೆ. ಪಾಯಸ್ ಸುಳ್ಳು ಹೇಳಲಿಲ್ಲ, ಪ್ರತಿಮೆ ಮಾಡಿದವನೂ ತಪ್ಪಲಿಲ್ಲ. ಒಂದು ಓಲಗದ ಉಡುಗೆ, ಇನ್ನೊಂದು ದೇವರ ಮುಂದಿನ ಉಡುಗೆ. ಒಂದೇ ಚಿತ್ರವನ್ನು ನೋಡಿ ‘ಆ ಕಾಲದವರು ಹೀಗೆ ಉಡುತ್ತಿದ್ದರು’ ಎಂದು ತೀರ್ಮಾನಿಸುವುದು ಎಷ್ಟು ಅಪಾಯವೆಂದು ಈ ಜೋಡಿಯಷ್ಟು ಸ್ಪಷ್ಟವಾಗಿ ಹೇಳುವ ಉದಾಹರಣೆ ಬೇರೆ ಸಿಗುವುದು ಕಷ್ಟ. ಮೂಡುಬಿದಿರೆಯ ಶ್ರಾವಕರೂ ಪೂಜೆಯ ಹೊತ್ತಿನ ಉಡುಗೆಯಲ್ಲಿರುವವರೇ.

ವಿಜಯನಗರ ಕಾಲದ ಬಟ್ಟೆಯ ಬಣ್ಣಕ್ಕೆ ತುಮಕೂರು ಸೀಮೆಯವರು ಹೋಗಿ ನೋಡಬಹುದಾದ ಹತ್ತಿರದ ಸ್ಥಳ ಗಡಿಯಾಚೆಯ ಲೇಪಾಕ್ಷಿ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ಗುಡಿಯ ಚಾವಣಿಯಲ್ಲಿ ದಾನಿಗಳು ಪರಿವಾರದೊಡನೆ ಸಾಲಾಗಿ ನಿಂತಿದ್ದಾರೆ. ಗಂಡಸರ ಕುಲ್ಲಾಯಿಗಳು ಒಂದಕ್ಕಿಂತ ಒಂದು ಎತ್ತರ. ಹೆಂಗಸರ ಸೀರೆಗಳಲ್ಲಿ ಪಟ್ಟೆ, ಚೌಕ, ಹೂಗಳ ಮಾದರಿ ಎಷ್ಟೊಂದು ಇವೆಯೆಂದರೆ, ಅವನ್ನು ನಕಲು ಮಾಡಿಕೊಂಡು ಹೊಸ ಸೀರೆ ನೇಯ್ದ ನೇಕಾರರೂ ಇದ್ದಾರೆ. ಗೋಡೆಯ ಚಿತ್ರಕ್ಕೆ ಓಲೆಯ ಇಕ್ಕಟ್ಟಿಲ್ಲ; ಸೆರಗು ಎಲ್ಲಿಂದ ಹಾಯ್ದು ಎಲ್ಲಿಗೆ ಬಂತು ಎಂಬುದನ್ನು ಪೂರ್ತಿ ತೋರಿಸಲು ಜಾಗವಿದೆ.

ಕಾಗದದ ಹಸ್ತಪ್ರತಿಯ ದೊಡ್ಡ ಪರಂಪರೆ ಬೆಳೆದದ್ದು ಬಿಜಾಪುರದಲ್ಲಿ. ಒಂದನೆಯ ಅಲಿ ಆದಿಲ್ ಶಾಹನ ಕಾಲದ, 1570ರ ತೇದಿಯುಳ್ಳ ‘ನುಜೂಮ್ ಅಲ್ ಉಲೂಮ್’ ಜ್ಯೋತಿಷ, ಮಂತ್ರ, ಆಯುಧ, ಆನೆ ಕುದುರೆಗಳ ಲಕ್ಷಣ ಎಲ್ಲವನ್ನೂ ಒಳಗೊಂಡ ಪಾರಸಿ ಗ್ರಂಥ. ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ಬರುವ ರೂಹಾನಿಗಳೆಂಬ ದೇವತಾ ಸ್ತ್ರೀಯರು ಸೀರೆಯುಟ್ಟು ಮೈಗಂಟಿದ ಕುಪ್ಪಸ ತೊಟ್ಟವರು. ಬಿಜಾಪುರದ ಚಿತ್ರಗಾರ ಪಾರಸಿ ಬರಹದ ಪಕ್ಕದಲ್ಲಿ ದಖ್ಖನಿನ ಹೆಣ್ಣನ್ನೇ ಕೂರಿಸಿದ. ದಖನಿ ಭಾಷೆಯ ಪ್ರೇಮಕಾವ್ಯ ‘ಪೇಮ್ ನೇಮ್’ನ ಚಿತ್ರಿತ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ, ಗಂಡಸರ ತೆಳು ಜಾಮಾ, ಸೊಂಟದಿಂದ ಇಳಿಬಿದ್ದ ಉದ್ದ ಪಟಕಾ, ರುಮಾಲಿನ ಸುತ್ತು ಇವುಗಳಿಗೆ ಅದು ಒಳ್ಳೆಯ ಆಧಾರ. ಕನ್ನಡ ನಾಡಿನ ಉಡುಗೆಯ ಚರಿತ್ರೆ ಬರೆಯುವಾಗ ಇವನ್ನು ಪಾರಸಿಯವೆಂದು ಬದಿಗಿಡುವುದು ಸರಿಯಲ್ಲ. ಅವು ಇದೇ ಮಣ್ಣಿನಲ್ಲಿ ಆದವು.

ಚಿತ್ರದ ಕಾಲವನ್ನು ತಪ್ಪಾಗಿ ಹಿಡಿದರೆ ಮಾಡಿದ ಕೆಲಸವೆಲ್ಲ ಕೆಡುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಹೆಸರಾಂತ ಚಿತ್ರವಿದೆ. ಬಹುಕಾಲ ಅದನ್ನು ವಿಜಯನಗರದ ಉಡುಗೆಗೆ ನೇರ ಸಾಕ್ಷಿಯೆಂದು ಬಳಸಿದರು. ಆ ಚಿತ್ರಗಳು 19ನೆಯ ಶತಮಾನದವು ಎಂಬ ವಾದವೂ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಗಳ ಮೇಲಿನ ಪೊಳ್ಳಿಲೂರಿನ ಯುದ್ಧದ ಚಿತ್ರ ಟಿಪ್ಪುವಿನ ಕಾಲದ್ದೇ, ಆದರೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಅದನ್ನು ಮತ್ತೆ ಬಣ್ಣ ಹಚ್ಚಿ ಸರಿಪಡಿಸಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಬೃಹತ್ ಚಿತ್ರಿತ ಗ್ರಂಥ. ಅದರ ದೇವತೆಗಳ ಲಕ್ಷಣ ಹಳೆಯ ಆಗಮಗಳಿಂದ ಬಂದದ್ದು, ಉಡುಗೆಯಾದರೋ 19ನೆಯ ಶತಮಾನದ ಮೈಸೂರಿನದು. ಹೊಯ್ಸಳರ ಕಾಲದ ಸೀರೆಯನ್ನು ಅಲ್ಲಿ ಹುಡುಕಬಾರದು. ಮೈಸೂರು ಅರಮನೆಯ ರವಿಕೆ, ಜರಿ ಅಂಚು, ಪೇಟಗಳಿಗೆ ಅದಕ್ಕಿಂತ ಉತ್ತಮ ಆಧಾರ ಕಡಿಮೆ. ತುಮಕೂರು–ಶಿರಾ ದಾರಿಯ ಸೀಬಿಯ ನರಸಿಂಹ ಗುಡಿಯ ಚಾವಣಿ ಚಿತ್ರಗಳೂ ಹೆಚ್ಚು ಕಡಿಮೆ ಈ ಕಾಲದವೇ. ಟಿಪ್ಪುವಿನ ಆಡಳಿತದಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಕಟ್ಟಿಸಿದ ಈ ಗುಡಿಯಲ್ಲಿ ಪುರಾಣದ ಜೊತೆಗೆ ಓಲಗದ ದೃಶ್ಯಗಳೂ ಇವೆ. ಮೇಲ್ಮಟ್ಟದ ನೌಕರರ ನಿಲುವಂಗಿ, ಸೊಂಟದ ಶಲ್ಯ, ರುಮಾಲುಗಳು ತೆಂಗಿನ ಸೀಮೆಗೆ ಇಷ್ಟು ಹತ್ತಿರದಲ್ಲಿ ಇಷ್ಟು ಬಣ್ಣದಲ್ಲಿ ಬೇರೆಲ್ಲೂ ಇಲ್ಲ.

ಇಷ್ಟೆಲ್ಲ ಚಿತ್ರಗಳನ್ನು ನೋಡಿದ ಮೇಲೂ ಒಂದು ಉಡುಗೆ ಅವುಗಳಲ್ಲಿ ಸಿಗುವುದು ಅಪರೂಪ: ಕಂಬಳಿ. ಚಿಕ್ಕನಾಯಕನಹಳ್ಳಿ ಕಂಬಳಿಗೆ ಹೆಸರಾದ ಊರು. ಕುರುಬರು ಕುರಿಯ ಉಣ್ಣೆ ಕತ್ತರಿಸಿ, ನೂತು, ಹಾಸುನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ ಬಿರುಸು ಮಾಡಿ, ಮಗ್ಗದಲ್ಲಿ ನೇಯ್ದ ಬಟ್ಟೆ ಅದು. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ರಾತ್ರಿ ಹಾಸಿಗೆ, ದೇವರ ಕಾರ್ಯದಲ್ಲಿ ಗದ್ದುಗೆ. ಹೊಲ, ತೋಟ, ಕಾವಲುಗಳಲ್ಲಿ ದುಡಿದವರ ಮೈಮೇಲೆ ಇದ್ದದ್ದು ಪಟ್ಟೆಯ ದುಕೂಲಕ್ಕಿಂತ ಹೆಚ್ಚಾಗಿ ಇದೇ. ಆದರೆ ಗ್ರಂಥ ಬರೆಸಿದವರು ಶ್ರೀಮಂತ ಶ್ರಾವಕಿಯರು, ಗುಡಿ ಕಟ್ಟಿಸಿದವರು ದಂಡನಾಯಕರು. ಕುರಿಗಾಹಿಯ ಕಂಬಳಿಗೆ ಓಲೆಯ ಮೇಲಾಗಲಿ ಗುಡಿಯ ಗೋಡೆಯ ಮೇಲಾಗಲಿ ಜಾಗ ಒದಗಲಿಲ್ಲ. ತುರುಗಳನ್ನು ಬಿಡಿಸಿಕೊಂಡು ಬರುವಾಗ ಸತ್ತವರ ವೀರಗಲ್ಲುಗಳಲ್ಲಿ ದನಗಳ ಹಿಂಡಿನ ಪಕ್ಕ ಒಬ್ಬಿಬ್ಬರು ಕಾಯುವವರು ಕಾಣಿಸುವುದುಂಟು. ದುಡಿಯುವವರ ಹೊದಿಕೆಯನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಆ ಕೆಳಗಿನ ಅಂಕಣಗಳನ್ನು.